ಎರಡು ಬೇಕರಿಗಳ ಊರಿನಲ್ಲಿ ಒಂದು ಪಂಚೆ

ಹಾಲ್ಟನ್‌ಬಾಖ್, 1958ರ ಮಾರ್ಚ್ 12, ಬುಧವಾರ

ಭದ್ರಾವತಿಯಿಂದ ಹೊರಡುವಾಗ ಕಾರ್ಖಾನೆಯ ಗೆಳೆಯರು, ಜರ್ಮನಿಯ ಕುಲುಮೆಗಳ ಬಗ್ಗೆ ಬರಿ ಎಂದಿದ್ದರು. ಅಕ್ಕ ಊಟದ ಬಗ್ಗೆ ಬರಿ ಎಂದಿದ್ದಳು. ಕುಲುಮೆ ಎಲ್ಲಿ ಹೋದರೂ ಬಿಸಿಯಾಗಿಯೇ ಇರುತ್ತದೆ. ಊಟ ಆಲೂಗಡ್ಡೆ. ಇವೆರಡು ವಿಷಯಗಳೂ ಇಲ್ಲಿಗೆ ಮುಗಿದದ್ದರಿಂದ, ಯಾರೂ ಕೇಳದ ಮೂರನೆಯದನ್ನು ನಮ್ಮೂರ ಪತ್ರಿಕೆಗೆ ಬರೆಯುತ್ತಿದ್ದೇನೆ.

ಚಳಿಗಾಲವೆಲ್ಲ ಭಾಷೆ ಕಲಿತ ಮೇಲೆ ನಮ್ಮಿಬ್ಬರನ್ನು ರೈನ್ ನದಿಯಿಂದ ಸ್ವಲ್ಪ ದೂರದ ಈ ಸಣ್ಣ ಊರಿನ ಎರಕದ ಕಾರ್ಖಾನೆಗೆ ಕಳಿಸಿದರು. ಇಬ್ಬರೆಂದರೆ ನಾನು ಮತ್ತು ಸೀತಾರಾಮ. ನಾನು ಭದ್ರಾವತಿ ಹಳೇನಗರದ ಲಿಂಗಾಯತ ವ್ಯಾಪಾರಸ್ಥರ ಮನೆಯವನು. ಸೀತಾರಾಮ ಶಿವಮೊಗ್ಗದ ಕೋಟೆ ಬೀದಿಯ ಪುರೋಹಿತರ ಮಗ. ಊರಿನಲ್ಲಿದ್ದಾಗ ಇಬ್ಬರಿಗೂ ಮುಖ ಪರಿಚಯ ಮಾತ್ರ. ಬಾಂಬೆಯಲ್ಲಿ ಹಡಗು ಹತ್ತಿ ಎರಡನೇ ದಿನಕ್ಕೆ ಇಬ್ಬರೂ ಒಂದೇ ಬಕೆಟ್ಟಿಗೆ ವಾಂತಿ ಮಾಡಿಕೊಂಡೆವು, ಅಲ್ಲಿಂದ ಸ್ನೇಹ.

ನಮಗೆ ಕೋಣೆ ಕೊಟ್ಟವರು ಫ್ರೌ (ಅಂದರೆ ಶ್ರೀಮತಿ) ಕೆಲ್ಲರ್ ಎಂಬ ವಿಧವೆ. ಎತ್ತರದ ಹೆಂಗಸು, ಬಿಗಿದು ಕಟ್ಟಿದ ತುರುಬು. ಬಾಗಿಲು ತೆರೆದು, ನಮ್ಮ ಟ್ರಂಕುಗಳನ್ನು ನೋಡಿ, ಕೇಳಿದ ಮೊದಲ ಪ್ರಶ್ನೆ ಇದು: "ನೀವು ಕ್ಯಾಥೊಲಿಕರೋ, ಪ್ರಾಟೆಸ್ಟೆಂಟರೋ?"

ಸೀತಾರಾಮ ನನ್ನ ಕಿವಿಯಲ್ಲಿ, "ನೋಡು ಮಾರಾಯ, ಇಲ್ಲೂ 'ಯಾರ ಪೈಕಿ' ಶುರುವಾಯ್ತು" ಎಂದ.

ಎರಡೂ ಅಲ್ಲವೆಂದು ನಾನು ಹೇಳಿದೆ. ಫ್ರೌ ಕೆಲ್ಲರ್ ಅವರಿಗೆ ಅದರಿಂದ ಬೇಸರವೇನೂ ಆಗಲಿಲ್ಲ, ಆದರೆ ಕಷ್ಟಕ್ಕೆ ಬಂತು. "ಹಾಗಾದರೆ ನಿಮ್ಮ ಬ್ರೆಡ್ ಎಲ್ಲಿಂದ ತರಲಿ?"

ಆ ಪ್ರಶ್ನೆ ಅರ್ಥವಾಗಲು ನನಗೆ ಒಂದು ವಾರ ಬೇಕಾಯಿತು. ಈ ಊರು ನಮ್ಮ ಗಾಜನೂರಿಗಿಂತ ಬಹಳ ದೊಡ್ಡದೇನಲ್ಲ. ಆದರೂ ಬೇಕರಿ ಎರಡು, ಕ್ಷೌರದಂಗಡಿ ಎರಡು, ಶಾಲೆ ಎರಡು, ಸೂಲಗಿತ್ತಿಯರು ಇಬ್ಬರು, ಸ್ಮಶಾನ ಎರಡು. ಹುಟ್ಟುವಾಗ ಕ್ಯಾಥೊಲಿಕ್ ಸೂಲಗಿತ್ತಿಯ ಕೈಗೆ ಬಿದ್ದ ಮಗು ಕ್ಯಾಥೊಲಿಕ್ ಬ್ರೆಡ್ ತಿಂದು, ಕ್ಯಾಥೊಲಿಕ್ ಕತ್ತರಿಯಿಂದ ಕೂದಲು ತೆಗೆಸಿಕೊಂಡು, ಕೊನೆಗೆ ಕ್ಯಾಥೊಲಿಕ್ ಮಣ್ಣಿಗೆ ಹೋಗುತ್ತದೆ. ಪ್ರಾಟೆಸ್ಟೆಂಟರದೂ ಅಷ್ಟೇ, ರಸ್ತೆಯ ಇನ್ನೊಂದು ಬದಿಯಲ್ಲಿ.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ನಮ್ಮ ಮನೆಯ ಗೋಡೆ. ಪಕ್ಕದ ಮನೆ ಹೆರ್ (ಅಂದರೆ ಶ್ರೀಮಾನ್) ಮಾಯರ್ ಎಂಬವರ ಬೇಕರಿ. ಅವರು ಕ್ಯಾಥೊಲಿಕ್. ಅವರ ಒಲೆ ನಮ್ಮ ಕೋಣೆಯ ಗೋಡೆಗೇ ಅಂಟಿಕೊಂಡಿತ್ತು. ರಾತ್ರಿಯೆಲ್ಲ ಆ ಗೋಡೆಗೆ ಬೆನ್ನು ಕೊಟ್ಟು ಮಲಗಿದರೆ ಹೊದಿಕೆಯೇ ಬೇಡ. ಆದರೆ ಬೆಳಗಾಗುತ್ತಲೇ ಫ್ರೌ ಕೆಲ್ಲರ್ ಕೊಡೆ ಹಿಡಿದು, ಮಳೆಯಲ್ಲಿ ಊರಿನ ಆ ತುದಿಗೆ ನಡೆದು, ಪ್ರಾಟೆಸ್ಟೆಂಟ್ ಬೇಕರಿಯಿಂದ ತಣ್ಣಗಾದ ಬ್ರೆಡ್ ತರುತ್ತಿದ್ದರು.

"ಶಾಖ ಆ ಕಡೇದು ತಗೋಬಹುದು, ಬ್ರೆಡ್ ತಗೋಬಾರ್ದು. ಇದು ಮಡಿ ಅಲ್ದೆ ಇನ್ನೇನು?" ಎಂದ ಸೀತಾರಾಮ. ಮಡಿಯ ವಿಷಯದಲ್ಲಿ ಅವನ ಮಾತಿಗೆ ಎದುರಾಡುವಂತಿಲ್ಲ.

ಏಪ್ರಿಲ್ 4, ಶುಭ ಶುಕ್ರವಾರ

ಏಸುವನ್ನು ಶಿಲುಬೆಗೇರಿಸಿದ ದಿನ. ಪ್ರಾಟೆಸ್ಟೆಂಟರಿಗೆ ವರ್ಷದಲ್ಲೇ ದೊಡ್ಡ ದಿನವಂತೆ. ಫ್ರೌ ಕೆಲ್ಲರ್ ಕಪ್ಪು ಉಡುಪು ತೊಟ್ಟು, ಒಲೆ ಹೊತ್ತಿಸದೆ, ಕಿಟಕಿಯ ಬಳಿ ಕೂತಿದ್ದರು. ನಾವೂ ಮೆಟ್ಟಿಲ ಮೇಲೆ ತುದಿಗಾಲಲ್ಲಿ ನಡೆಯುತ್ತಿದ್ದೆವು. ಅಷ್ಟರಲ್ಲಿ ಬೀದಿಯಲ್ಲಿ ಗಡಗಡ ಸದ್ದು. ಹೆರ್ ಮಾಯರ್ ಅವರಿಗೆ ಬೇಕರಿಯ ಜೊತೆಗೆ ಎರಡು ಹಸುಗಳೂ ಒಂದು ಆಲೂಗಡ್ಡೆ ಹೊಲವೂ ಇವೆ. ಅವರು ಒಂದು ಗಾಡಿ ಹಸಿ ಗೊಬ್ಬರ ತುಂಬಿಕೊಂಡು, ನಮ್ಮ ಕಿಟಕಿಯ ಕೆಳಗೆ ಗಾಡಿ ನಿಲ್ಲಿಸಿ, ಚಕ್ರವನ್ನು ಬಹಳ ಹೊತ್ತು ಪರೀಕ್ಷಿಸಿ, ಮುಂದಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಇನ್ನೊಂದು ಗಾಡಿ. ಆ ಚಕ್ರವನ್ನೂ ಪರೀಕ್ಷಿಸಿದರು.

"ಪಾಪ, ಅವರ ಗಾಡಿ ಕೆಟ್ಟಿರಬೇಕು" ಎಂದೆ.

"ಪ್ರತಿ ವರ್ಷ ಇದೇ ದಿನ ಕೆಡುತ್ತೆ" ಎಂದರು ಫ್ರೌ ಕೆಲ್ಲರ್. "ಜೂನ್‌ನಲ್ಲಿ ಅವರ ಮೆರವಣಿಗೆ ಹಬ್ಬ ಬರುತ್ತೆ. ಅವತ್ತು ನಾವು ಬಟ್ಟೆ ಒಗೀತೀವಿ. ಹಾಸಿಗೆ, ಹೊದಿಕೆ, ಒಳ ಉಡುಪು, ಎಲ್ಲ ಬೀದಿ ಕಡೆಗೆ ಹರವ್ತೀವಿ."

"ಅವತ್ತೇ ಎಲ್ಲ ಕೊಳೆ ಆಗಿರುತ್ತಾ?"

"ಕೊಳೆ ಆಗದೇ ಇದ್ರೂ."

ನಮ್ಮ ಹಳೇನಗರದಲ್ಲಿ ನೆರೆಯವರು ಕಸ ಗುಡಿಸಿ ಎದುರು ಮನೆಯ ಕಡೆ ತಳ್ಳುವುದನ್ನು ನೋಡಿದ್ದೇನೆ. ಆದರೆ ಅದಕ್ಕೆ ಹಬ್ಬದ ದಿನ ಗೊತ್ತುಮಾಡಿ, ತಲೆಮಾರುಗಳಿಂದ ತಪ್ಪದೆ ನಡೆಸಿಕೊಂಡು ಬಂದವರನ್ನು ಇಲ್ಲೇ ನೋಡಿದ್ದು.

ಇದೆಲ್ಲ ಶುರುವಾದದ್ದು ಹೇಗೆ ಎಂದು ಕೇಳಿದೆ. ಆ ದಿನ ಕೆಲಸ ಮಾಡುವಂತಿಲ್ಲವಾದ್ದರಿಂದ ಅವರಿಗೂ ಬಿಡುವಿತ್ತು. ರೋಮಿನಲ್ಲಿ ದೊಡ್ಡ ದೇವಾಲಯವೊಂದನ್ನು ಕಟ್ಟಬೇಕಿತ್ತಂತೆ. ಅದಕ್ಕಾಗಿ ಪಾಪ ಪರಿಹಾರದ ಚೀಟಿಗಳನ್ನು ಊರೂರಿಗೆ ಮಾರಲು ತಂದರಂತೆ. ಸತ್ತ ಅಜ್ಜಿಯ ಹೆಸರಿನಲ್ಲಿ ಒಂದು ಚೀಟಿ ಕೊಂಡರೆ ಪರಲೋಕದಲ್ಲಿ ಅವಳನ್ನು ಸುಡುವ ಬೆಂಕಿ ಆರುತ್ತದೆ. ಇದು ಸರಿಯಲ್ಲವೆಂದು ಒಬ್ಬ ಸನ್ಯಾಸಿ ಎದ್ದು ನಿಂತ. ಅವನ ಹೆಸರು ಹೈಸ್ಕೂಲಿನ ಚರಿತ್ರೆ ಓದಿದವರಿಗೆಲ್ಲ ಗೊತ್ತು. ಫ್ರೌ ಕೆಲ್ಲರ್ 'ನಮ್ಮ ಸನ್ಯಾಸಿ' ಎನ್ನುತ್ತಿದ್ದರು, ಹೆರ್ ಮಾಯರ್ 'ಅವರ ಸನ್ಯಾಸಿ' ಎನ್ನುತ್ತಿದ್ದರು. ನಾನು ಬರೀ ಸನ್ಯಾಸಿ ಎನ್ನುತ್ತೇನೆ. ದೇವರಿಗೂ ಮನುಷ್ಯನಿಗೂ ನಡುವೆ ಯಾರೂ ಬೇಡ, ಧರ್ಮಗ್ರಂಥವನ್ನು ಎಲ್ಲರೂ ತಮ್ಮ ಭಾಷೆಯಲ್ಲೇ ಓದಲಿ ಎಂದ ಅವನು. "ಅದಕ್ಕೇ ನಮ್ಮ ಮುತ್ತಜ್ಜಿಯ ಮುತ್ತಜ್ಜಿಗೂ ಓದೋಕೆ ಬರ್ತಿತ್ತು" ಎಂದು ಫ್ರೌ ಕೆಲ್ಲರ್ ಹೆಮ್ಮೆಪಟ್ಟರು.

ಮರುದಿನ ಸೀತಾರಾಮ ಬೇಕರಿಗೆ ಹೋಗಿ ಇನ್ನೊಂದು ಕಡೆಯ ಮಾತನ್ನೂ ತಂದ. ಹೆರ್ ಮಾಯರ್ ಪ್ರಕಾರ ಕಾರಣಗಳು ಬೇರೆ. ಸನ್ಯಾಸಿಗೆ ಮದುವೆಯಾಗಬೇಕಿತ್ತು. ರಾಜರಿಗೆ ಮಠದ ಜಮೀನು ಬೇಕಿತ್ತು. ಆಗ ತಾನೇ ಅಚ್ಚಿನ ಯಂತ್ರ ಬಂದು, ಅಚ್ಚು ಹಾಕುವವರಿಗೆ ಹಾಕಲು ಏನಾದರೂ ಬೇಕಿತ್ತು.

ಆಮೇಲಿನದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ರಾಜನ ಮತವೇ ಪ್ರಜೆಗಳ ಮತವಾಯಿತು. ಇಲ್ಲಿ ರಾಜರು ಬದಲಾದಂತೆಲ್ಲ ಜನ ದೇವರನ್ನು ಕೂಗುವ ರೀತಿ ಬದಲಾಯಿಸಿದರು. ಮೂವತ್ತು ವರ್ಷ ಯುದ್ಧ ನಡೆದು ಊರು ಸುಟ್ಟುಹೋಯಿತು. ಕೊನೆಗೆ ಎರಡು ಕಡೆಯವರೂ ದಣಿದು, ಎಲ್ಲವನ್ನೂ ಎರಡೆರಡು ಮಾಡಿಕೊಂಡು ಕೂತರು.

ಮೇ ತಿಂಗಳು, ನಮ್ಮ ಕೋಣೆ

ಇಷ್ಟು ಕೇಳಿ ಸುಮ್ಮನಿದ್ದರೆ ನಾವು ಶಿವಮೊಗ್ಗ ಜಿಲ್ಲೆಯವರೇ ಅಲ್ಲ. ಸೀತಾರಾಮ ಒಂದು ಭಾನುವಾರ ಕ್ಯಾಥೊಲಿಕರ ಪೂಜೆ ನೋಡಿ ಬಂದು, ಕೋಟು ಬಿಚ್ಚುವ ಮೊದಲೇ ಶುರುಮಾಡಿದ.

"ಥೇಟ್ ನಮ್ಮ ದೇವಸ್ಥಾನ ಕಣೋ ರುದ್ರೇಶ. ಗಂಟೆ ಇದೆ, ಧೂಪ ಇದೆ, ಜರಿ ಬಟ್ಟೆ ಇದೆ. ಮಂತ್ರ ಲ್ಯಾಟಿನ್. ಒಬ್ಬನಿಗೂ ಒಂದಕ್ಷರ ಅರ್ಥ ಆಗಲ್ಲ. ಅಹಾ!"

"ಅರ್ಥ ಆಗದೇ ಇರೋದಕ್ಕೆ ಅಹಾ ಯಾಕೋ?"

"ಅರ್ಥ ಆದ್ರೆ ದೇವರಿಗೇನು ಮರ್ಯಾದೆ ಉಳಿಯುತ್ತೆ, ಮಾರಾಯ?"

"ಜನರ ಮಾತಲ್ಲೇ ಹೇಳ್ಬೇಕು, ಮಧ್ಯ ದಲ್ಲಾಳಿ ಬೇಡ ಅಂತ ಸನ್ಯಾಸಿ ಹೇಳಿದ್ದು. ನಮ್ಮ ಶರಣರು ಅವನಿಗಿಂತ ಮುನ್ನೂರೈವತ್ತು ವರ್ಷ ಮೊದಲೇ ಹೇಳಿದ್ರು."

"ಬಂತು ನೋಡು! ದಲ್ಲಾಳಿ ಬೇಡ್ವಂತೆ! ಶಿವಮೊಗ್ಗ ಮಂಡೀಲಿ ದಲ್ಲಾಳಿ ಇಲ್ದೆ ಒಂದು ಮೂಟೆ ಅಡಿಕೆ ಮಾರಿ ತೋರ್ಸು, ಆಮೇಲೆ ದೇವರ ಹತ್ರ ಹೋಗು."

ಅಂದಿನಿಂದ ಸೀತಾರಾಮ ಕ್ಯಾಥೊಲಿಕ್ ಪಕ್ಷ, ನಾನು ಪ್ರಾಟೆಸ್ಟೆಂಟ್ ಪಕ್ಷ. ಅವನು ಗೋಡೆಯಾಚೆಯ ಬೇಕರಿಯಿಂದ ಬಿಸಿ ಬ್ರೆಡ್ ತರುತ್ತಿದ್ದ. ನಾನು ಪಕ್ಷನಿಷ್ಠೆಯಿಂದ ಊರಿನ ಆ ತುದಿಗೆ ನಡೆದು ತಣ್ಣನೆಯದು ತರುತ್ತಿದ್ದೆ. ಮೇಜಿನ ಮೇಲೆ ಎರಡೂ ಪಕ್ಕಪಕ್ಕದಲ್ಲಿರುತ್ತಿದ್ದವು. ನಾನು ಬೆಳಿಗ್ಗೆ ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡುವುದನ್ನು ಫ್ರೌ ಕೆಲ್ಲರ್ ಒಮ್ಮೆ ನೋಡಿ, "ಪೂಜಾರಿ ಇಲ್ವಾ? ಒಳ್ಳೇದು" ಎಂದಿದ್ದರು. ನನಗೆ ಅಷ್ಟು ಸಾಕಾಗಿತ್ತು.

ಈ ಹುಡುಗಾಟಿಕೆಯ ನಡುವೆ ಒಂದು ಸಂಜೆ ಫ್ರೌ ಕೆಲ್ಲರ್ ಅವರ ಮಗಳು ಎಲ್ಸಾ ನಮ್ಮ ಕೋಣೆಯ ಬಾಗಿಲು ತಟ್ಟಿದಳು. ಎರಕದ ಕಾರ್ಖಾನೆಯ ಆಫೀಸಿನಲ್ಲಿ ಟೈಪ್ ಮಾಡುವ, ಮಾತು ಕಡಿಮೆಯ ಹುಡುಗಿ. ಅವಳಿಗೂ ಹೆರ್ ಮಾಯರ್ ಅವರ ಮಗ ಯೋಸೆಫನಿಗೂ ಮದುವೆಯಾಗುವ ಮನಸ್ಸು. ಮೂರು ವರ್ಷದಿಂದ ಕಾದಿದ್ದಾರೆ. ಅವನ ಅಪ್ಪ, ಇವಳ ಅಮ್ಮ ಒಬ್ಬರನ್ನೊಬ್ಬರು ಮಾತಾಡಿಸುವುದೇ ಇಲ್ಲ. ಈಗ ಬಹಳ ಕಾಡಿ ಬೇಡಿದ ಮೇಲೆ, ಹಬ್ಬ ಮುಗಿದ ಮೇಲಿನ ಭಾನುವಾರ ಕಾಫಿಗೆ ಬರಲು ಹೆರ್ ಮಾಯರ್ ಒಪ್ಪಿದ್ದಾರೆ. ಒಂದೇ ಷರತ್ತು: ಈ ವರ್ಷ ಮೆರವಣಿಗೆಯ ದಿನ ಈ ಮನೆಯಲ್ಲಿ ಬಟ್ಟೆ ಹರವಬಾರದು.

"ಅಮ್ಮ ಒಪ್ಪಿದ್ದಾರೆ. ನೀವೂ ಅವತ್ತು ಬಟ್ಟೆ ಒಗೀಬೇಡಿ" ಎಂದಳು.

"ಖಂಡಿತ ಇಲ್ಲ" ಎಂದೆ. ನಮ್ಮ ಬಟ್ಟೆ ಒಗೆಯುವುದು ಶನಿವಾರ. ಹಬ್ಬ ಗುರುವಾರ.

ಜೂನ್ 5, ಗುರುವಾರ

ಫ್ರೌ ಕೆಲ್ಲರ್ ಹಿಂದಿನ ಸಂಜೆಯೇ ಹಿತ್ತಿಲಿನ ಬಟ್ಟೆ ತಂತಿಯನ್ನು ಬಿಚ್ಚಿ, ಸುರುಳಿ ಸುತ್ತಿ, ಕಪಾಟಿನಲ್ಲಿ ಬೀಗ ಹಾಕಿದ್ದರು. ತಮ್ಮ ಮೇಲೆ ತಮಗೇ ಅಷ್ಟು ನಂಬಿಕೆಯಿರಲಿಲ್ಲ.

ನಾನು ಎಂದಿನಂತೆ ಬೆಳಿಗ್ಗೆ ಹಿತ್ತಿಲಿನ ಕೊಠಡಿಯಲ್ಲಿ ತಣ್ಣೀರು ಹೊಯ್ದುಕೊಂಡು ಸ್ನಾನ ಮಾಡಿದೆ. ಉಟ್ಟಿದ್ದ ಪಂಚೆಯನ್ನು ಜಾಲಿಸಿ ಹಿಂಡಿದೆ. ಇದನ್ನು ಓದುವವರಿಗೆ ನಾನು ವಿವರಿಸಬೇಕಾಗಿಲ್ಲ: ಇದು ಬಟ್ಟೆ ಒಗೆಯುವುದಲ್ಲ. ಇದು ಸ್ನಾನದ ಕೊನೆಯ ಭಾಗ. ತಲೆ ಒರೆಸಿಕೊಳ್ಳುವುದನ್ನು ಯಾರಾದರೂ ಬಟ್ಟೆ ಒಗೆಯುವುದು ಎನ್ನುತ್ತಾರೆಯೇ? ಹರವಲು ನೋಡಿದರೆ ತಂತಿಯಿಲ್ಲ. ಸರಿ, ಮೇಲೆ ಹೋಗಿ, ಬಿಸಿಲು ಚೆನ್ನಾಗಿ ಬೀಳುವ ಬೀದಿ ಕಡೆಯ ಕಿಟಕಿಯಿಂದ ಪಂಚೆಯನ್ನು ಇಳಿಬಿಟ್ಟೆ. ನಾಲ್ಕು ಮೊಳದ ಅಂಚು ಸೊಗಸಾಗಿ ಕೆಳಗಿಳಿಯಿತು. ನಾನು ಪೂಜೆಗೆ ಕೂತೆ.

ಕಣ್ಣು ಮುಚ್ಚಿದ್ದಾಗ ಹಾಡು ಕೇಳಿಸಿತು. ಹತ್ತಿರವಾಯಿತು. ನಿಂತಿತು. ಪೂಜೆಯ ನಡುವೆ ಏಳಬಾರದೆಂದು ನಾನು ಕಣ್ಣು ತೆರೆಯಲಿಲ್ಲ. ಮುಂದಿನದೆಲ್ಲ ಮೆರವಣಿಗೆಯ ಹಿಂದೆ ಭಕ್ತಿಯಿಂದ ನಡೆಯುತ್ತಿದ್ದ ಸೀತಾರಾಮ ಕಂಡದ್ದು.

ಬೀದಿಯ ಕ್ಯಾಥೊಲಿಕ್ ಕಿಟಕಿಗಳಿಗೆಲ್ಲ ಕೆಂಪು ಬಟ್ಟೆ ಕಟ್ಟಿ, ಹೂವಿನ ಕುಂಡ ಇಟ್ಟಿದ್ದರು. ಚಿನ್ನದ ಪಾತ್ರೆ ಹಿಡಿದ ಪಾದ್ರಿಯ ತಲೆಯ ಮೇಲೆ ಜರಿಯ ಮೇಲ್ಕಟ್ಟು. ಅದರ ಕೋಲು ಹಿಡಿದ ನಾಲ್ವರಲ್ಲಿ ಹೆರ್ ಮಾಯರ್ ಒಬ್ಬರು, ಕಪ್ಪು ಕೋಟು, ಬರಿದಲೆ. ಫ್ರೌ ಕೆಲ್ಲರ್ ಮನೆಯ ಮುಂದೆ ಬಂದಾಗ ಹೆರ್ ಮಾಯರ್ ಕಣ್ಣೆತ್ತಿ ನೋಡಿದರಂತೆ, ಮಾತು ಉಳಿಸಿಕೊಂಡಿದ್ದಾರೋ ಇಲ್ಲವೋ ಎಂದು. ಹಾಗೆ ಎತ್ತಿದ ಬೋಳು ತಲೆಯ ಮೇಲೆ ನನ್ನ ಪಂಚೆಯಿಂದ ಮೊದಲ ಹನಿ ಬಿತ್ತು. ಕೋಲು ಹಿಡಿದ ಕೈ ಬಿಡುವಂತಿಲ್ಲ. ಮುಂದಿನವರು ಪ್ರಾರ್ಥನೆಗೆ ನಿಂತರು. ಹೆರ್ ಮಾಯರ್ ಅಲ್ಲೇ ನಿಂತು ಉಳಿದ ಹನಿಗಳನ್ನೂ ತಾಳಿಕೊಂಡರು.

ನಾನು ಮಂಗಳಾರತಿ ಮುಗಿಸಿ ಹೊರಬಂದಾಗ ಎಲ್ಸಾ ಮೆಟ್ಟಿಲ ಮೇಲೆ ಕೂತಿದ್ದಳು. ಬೈಯಲಿಲ್ಲ. "ಅವರು ಕಾಫಿಗೆ ಬರಲ್ಲ" ಎಂದಳು ಅಷ್ಟೇ. ಫ್ರೌ ಕೆಲ್ಲರ್ ನನ್ನ ಮುಖವನ್ನೇ ನೋಡಲಿಲ್ಲ.

ಅದೇ ದಿನ, ಬೇಕರಿ

ಸಂಜೆ ಸೀತಾರಾಮನನ್ನು ಎಳೆದುಕೊಂಡು ಹೆರ್ ಮಾಯರ್ ಬಳಿ ಹೋದೆ. ದುಂಡನೆಯ ಮನುಷ್ಯ, ಹುಬ್ಬಿನ ಮೇಲೂ ಹಿಟ್ಟು. ಪಂಚೆ ನನ್ನದು, ಫ್ರೌ ಕೆಲ್ಲರ್ ಅವರಿಗೆ ಗೊತ್ತೇ ಇರಲಿಲ್ಲ, ನಾನು ದಿನಾ ಹಾಗೆ ಮಾಡುತ್ತೇನೆ ಎಂದೆ.

"ದಿನಾ? ಭೂಮಿ ಮೇಲೆ ಯಾರೂ ದಿನಾ ಒಗೆಯಲ್ಲ" ಎಂದರು ಹೆರ್ ಮಾಯರ್. ಆಮೇಲೆ ಸೀತಾರಾಮನ ಕಡೆ ಬೆರಳು ಮಾಡಿ, "ನೀನು ಕೆಟ್ಟ ಪ್ರಾಟೆಸ್ಟೆಂಟ್ ಅಂತ ಇವನೇ ಹೇಳಿದ್ದಾನೆ. ನಮ್ಮ ಪಾದ್ರಿಯನ್ನ ದಲ್ಲಾಳಿ ಅಂತೀಯಂತೆ."

ನಾನು ಕನ್ನಡಕ್ಕೆ ತಿರುಗಿದೆ. "ಲೋ, ಬ್ರೆಡ್ ತರೋಕೆ ಹೋಗಿ ಇದನ್ನೆಲ್ಲ ಹೇಳಿದ್ಯಾ?"

"ಬಿಸಿ ಬನ್ ಒಂದು ಜಾಸ್ತಿ ಕೊಡ್ತಿದ್ರು ಕಣೋ."

"ಬನ್ನಿಗೆ ನನ್ನ ಮಾರಿದ್ಯಾ, ಪುರೋಹಿತನ ಮಗನೆ!"

"ನೀನು ಪಂಚೆ ಒಣಗಿಸಿದ್ದು ಎಲ್ಲಿ ಮೊದ್ಲು ಹೇಳು! ದೇವರ ತಲೆ ಮೇಲೆ!"

"ದೇವರ ತಲೆ ಮೇಲಲ್ಲ, ಇವರ ತಲೆ ಮೇಲೆ!"

ಧ್ವನಿ ಏರಿತು. ಶರಣರು ಬಂದರು, ವೇದ ಬಂತು, ಸೀತಾರಾಮನ ಅಜ್ಜ ಬಂದರು. ಹೆರ್ ಮಾಯರ್ ಮೇಜು ಕುಟ್ಟಿ, ಏನು ಜಗಳ ಇದು ಎಂದು ಕೇಳಿದರು.

"ಇವರ ಕಡೆಯವರು ನಮ್ಮ ಪುರೋಹಿತರು ಬೇಡ ಅಂತ ಬಿಟ್ಟು ಹೋದರು" ಎಂದು ಸೀತಾರಾಮ ಏದುಸಿರಿನಲ್ಲಿ ಹೇಳಿದ.

"ಯಾವಾಗ?"

"ಎಂಟು ನೂರು ವರ್ಷ ಆಯ್ತು."

ಹೆರ್ ಮಾಯರ್ ಅವರಿಗೆ ಗೌರವ ಹುಟ್ಟಿತು. ಅವರದು ನಾನೂರು ಮಾತ್ರ. "ಎಂಟು ನೂರು! ಆದರೂ ಒಂದೇ ಕೋಣೆಯಲ್ಲಿ ಮಲಗ್ತೀರಾ? ಅಡುಗೆ?"

"ಒಂದೇ ಪಾತ್ರೆ. ಸಾರು ಇವನು ಮಾಡ್ತಾನೆ, ಉಪ್ಪಿಟ್ಟು ನಾನು" ಎಂದ ಸೀತಾರಾಮ.

"ನಿಮ್ಮ ಮನೆಯವರಿಗೆ ಗೊತ್ತಾ?"

ನಾವಿಬ್ಬರೂ ಒಟ್ಟಿಗೇ "ಇಲ್ಲ" ಎಂದ ರೀತಿ ನೋಡಿ ಹೆರ್ ಮಾಯರ್ ನಕ್ಕರು. ಆದರೂ ಪಂಚೆಯ ಮಾತನ್ನು ನಂಬಲಿಲ್ಲ. "ನಾಳೆ ಬೆಳಿಗ್ಗೆ ಬಂದು ನೋಡ್ತೀನಿ. ದಿನಾ ಮಾಡೋದಾದ್ರೆ ನಾಳೆನೂ ಮಾಡ್ಬೇಕಲ್ಲ?"

ಜೂನ್ 6, ಹಿತ್ತಿಲು

ಹೆರ್ ಮಾಯರ್ ಸ್ಟೂಲು ತಂದುಕೊಂಡು ಹಿತ್ತಿಲಿನ ನಡುವೆ ಕೂತರು. ಫ್ರೌ ಕೆಲ್ಲರ್ ಅಡುಗೆಮನೆ ಬಾಗಿಲಲ್ಲಿ ಕೈಕಟ್ಟಿ ನಿಂತರು. ಒಬ್ಬರನ್ನೊಬ್ಬರು ನೋಡಲಿಲ್ಲ; ಇಬ್ಬರೂ ನನ್ನನ್ನೇ ನೋಡಿದರು. ಆ ದಿನ ಚಳಿಗಾಳಿ ಬೇರೆ. ಸಾಕ್ಷಿಗೆ ಕಾಣಲಿ ಎಂದು ಕೊಠಡಿಯ ಹೊರಗೇ ಪಂಚೆ ಸುತ್ತಿಕೊಂಡು ನಿಂತು, ಮೊದಲ ಚೊಂಬು ಸುರಿದುಕೊಂಡೆ. ಬಾಯಿಂದ ತಾನಾಗಿ ಶಿವನ ಹೆಸರು ಬಂತು. ಎರಡನೆಯದು. ಮೂರನೆಯದು. ನಾಲ್ಕನೆಯದು.

"ತಣ್ಣೀರಾ?" ಹೆರ್ ಮಾಯರ್ ಗಾಳಿಗೆ ಕೇಳಿದರು.

"ತಣ್ಣೀರು" ಎಂದರು ಫ್ರೌ ಕೆಲ್ಲರ್, ಅವರೂ ಗಾಳಿಗೇ.

"ದಿನಾ?"

"ಹಿಮ ಬಿದ್ದ ದಿನವೂ. ಬಂದಾಗಿನಿಂದ ಬಿಟ್ಟಿಲ್ಲ."

"ಇವನ ತಾಯಿ ಏನೂ ಹೇಳಲ್ವಾ?"

"ತಾಯಿಯೇ ಕಲಿಸಿದ್ದಂತೆ."

"ಅಯ್ಯೋ ಪಾಪ."

"ಅದನ್ನೇ ನಾನೂ ಅನ್ನೋದು" ಎಂದು ಫ್ರೌ ಕೆಲ್ಲರ್ ಮೊದಲ ಬಾರಿಗೆ ಅವರ ಕಡೆ ತಿರುಗಿದರು. ನಾನು ಒಣಪಂಚೆ ಉಟ್ಟು ಒದ್ದೆಯದನ್ನು ಹಿಂಡುವಷ್ಟರಲ್ಲಿ ಇಬ್ಬರೂ ಭಾರತೀಯರ ಶ್ವಾಸಕೋಶದ ಬಗ್ಗೆ ಏಕಾಭಿಪ್ರಾಯಕ್ಕೆ ಬಂದಿದ್ದರು. ನಾಲ್ಕು ಶತಮಾನ ಮಾಡಲಾಗದ್ದನ್ನು ನಾಲ್ಕು ಚೊಂಬು ನೀರು ಮಾಡಿತು.

"ಇನ್ನೊಬ್ಬನೂ ಹೀಗೇ ಮಾಡ್ತಾನಾ?" ಎಂದು ಹೆರ್ ಮಾಯರ್ ಕೇಳಿದರು. ಮೇಲಿನ ಕಿಟಕಿಯಿಂದ ಸೀತಾರಾಮನ ತಲೆ ಥಟ್ಟನೆ ಮಾಯವಾಯಿತು. ಅವನ ಸ್ನಾನದ ಲೆಕ್ಕ ನನ್ನ ಬಳಿ ಇದೆ. ಇಲ್ಲಿ ಬರೆಯುವುದಿಲ್ಲ, ಅವನ ತಂದೆ ಈ ಪತ್ರಿಕೆ ಓದುತ್ತಾರೆ.

ಭಾನುವಾರ ಕಾಫಿ ನಡೆಯಿತು. ಆದರೆ ಅಷ್ಟಕ್ಕೇ ಎಲ್ಲವೂ ಸರಿಹೋಗಲಿಲ್ಲ. ಕ್ಯಾಥೊಲಿಕರನ್ನು ಮದುವೆಯಾಗಬೇಕಾದರೆ, ಮುಂದೆ ಹುಟ್ಟುವ ಮಕ್ಕಳನ್ನು ಕ್ಯಾಥೊಲಿಕರಾಗಿಯೇ ಬೆಳೆಸುತ್ತೇವೆಂದು ಎಲ್ಸಾ ಪಾದ್ರಿಯ ಮುಂದೆ ಮಾತು ಕೊಡಬೇಕು. ಆ ನಿಯಮ ಹೆರ್ ಮಾಯರ್ ಮಾಡಿದ್ದಲ್ಲ, ಬದಲಾಯಿಸುವುದೂ ಅವರ ಕೈಲಿಲ್ಲ. ಎಲ್ಸಾ ಮಾತು ಕೊಟ್ಟಳು. ಫ್ರೌ ಕೆಲ್ಲರ್ ಬೇಡವೆನ್ನಲಿಲ್ಲ. "ಮದುವೆ ಆಗಲಿ. ನಾನು ಮಾತ್ರ ಆ ಕಡೆ ಕಾಲಿಡಲ್ಲ" ಎಂದರು.

ಜೂನ್ 28, ಶನಿವಾರ, ಚರ್ಚು

ಈ ಊರಿನಲ್ಲಿ ಎರಡಿಲ್ಲದ್ದು ಚರ್ಚೊಂದೇ. ಹಿಂದೆ ಯಾವುದೋ ರಾಜ ಎರಡು ಕಡೆಯವರೂ ಇದನ್ನೇ ಹಂಚಿಕೊಳ್ಳಿ ಎಂದನಂತೆ. ಹಂಚಿಕೊಂಡರು: ಒಳಗೆ ಅಡ್ಡಗೋಡೆ ಎಬ್ಬಿಸಿದರು. ಗೋಡೆಯ ಪೂರ್ವಕ್ಕೆ ಕ್ಯಾಥೊಲಿಕರ ಮೂರ್ತಿಗಳೂ ಮೇಣದ ಬತ್ತಿಗಳೂ. ಪಶ್ಚಿಮಕ್ಕೆ ಪ್ರಾಟೆಸ್ಟೆಂಟರ ಬೋಳು ಗೋಡೆಗಳೂ ಬೆಂಚುಗಳೂ. ನಡುವೆ ಒಂದು ಸಣ್ಣ ಬಾಗಿಲು, ಅದಕ್ಕೆ ಎರಡೂ ಕಡೆ ಅಗುಳಿ. ಇಬ್ಬರೂ ಮನಸ್ಸು ಮಾಡಿದರೆ ಮಾತ್ರ ತೆರೆಯುತ್ತದೆ.

ಬೇರೆ ಮತದ ಹುಡುಗಿಯಾದ್ದರಿಂದ ಪೂರ್ಣ ಪೂಜೆಯಿಲ್ಲ, ವಾದ್ಯವಿಲ್ಲ. ಆದರೂ ಗಂಡಿನ ಕಡೆಯವರು ಪೂರ್ವದ ಭಾಗದಲ್ಲಿ ತುಂಬಿದ್ದರು. ಎಲ್ಸಾ ಒಬ್ಬಳೇ ಬಂದಳು. ಫ್ರೌ ಕೆಲ್ಲರ್ ಎಲ್ಲಿ ಎಂದು ಹುಡುಕಿದರೆ, ಗೋಡೆಯಾಚೆ, ಖಾಲಿಯಾದ ಪಶ್ಚಿಮ ಭಾಗದಲ್ಲಿ, ತಮ್ಮ ಮನೆತನದ ಬೆಂಚಿನಲ್ಲಿ, ಒಳ್ಳೆಯ ಉಡುಪು ತೊಟ್ಟು ಕೂತಿದ್ದರು.

ಸೀತಾರಾಮ ನನ್ನ ತೋಳು ಹಿಡಿದ. "ಹೆಣ್ಣಿನ ಕಡೆ ಒಬ್ರೂ ಇಲ್ದೆ ಮದುವೆ ಆಗುತ್ತೇನೋ?"

"ಅವರು ಆ ಕಡೆ ಬರಲ್ವಲ್ಲೋ."

"ಅವರು ಬರೋದು ಬೇಡ ಮಾರಾಯ, ನಾವು ಹೋಗೋಣ ಬಾ. ಇನ್ನೇನು, ನಾವೇ ಹೆಣ್ಣಿನ ಕಡೆಯೋರು."

ಇಷ್ಟು ದಿನ ಕ್ಯಾಥೊಲಿಕ್ ಪಕ್ಷದಲ್ಲಿದ್ದವನು ಹಾಗೆ ಹೇಳಿ ಮುಂದಾದ. ಫ್ರೌ ಕೆಲ್ಲರ್ ಅವರ ಎಡಕ್ಕೆ ಅವನು, ಬಲಕ್ಕೆ ನಾನು ಕೂತೆವು. ಪ್ರಾಟೆಸ್ಟೆಂಟ್ ಕಡೆಯ ಮುದಿ ಕಾವಲುಗಾರನಿಗೆ ನಾನು ಹೇಳಿ ಅಗುಳಿ ತೆಗೆಸಿದೆ. ಆ ಕಡೆಯದನ್ನು ಯೋಸೆಫ್ ಆಗಲೇ ತೆಗೆದಿಟ್ಟಿದ್ದ. ಬಾಗಿಲಿನ ಸಂದಿನಲ್ಲಿ ಒಂದು ಮೇಣದ ಬತ್ತಿ, ಎಲ್ಸಾಳ ಒಂದು ಭುಜ, ಇಷ್ಟೇ ಕಾಣುತ್ತಿತ್ತು. ಫ್ರೌ ಕೆಲ್ಲರ್ ಆ ಭುಜವನ್ನೇ ನೋಡುತ್ತಾ ಕೂತರು. ಮಗಳ ದನಿ ಕೇಳಿಸಿದಾಗ ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದರು. ಸೀತಾರಾಮ ತನ್ನ ಕರವಸ್ತ್ರ ಕೊಟ್ಟ. ಅದು ಶುಭ್ರವಾಗಿರಲಿಲ್ಲ, ಅವರು ನೋಡಿ, ತಮ್ಮದನ್ನೇ ತೆಗೆದುಕೊಂಡರು.

ಮುಗಿದ ಮೇಲೆ ಹೆರ್ ಮಾಯರ್ ಬಾಗಿಲಿಗೆ ಬಂದು ನಿಂತರು. ಹೊಸ್ತಿಲಿನಾಚೆ. "ಊಟಕ್ಕೆ ಬನ್ನಿ, ಫ್ರೌ ಕೆಲ್ಲರ್. ಎಲ್ಲ ಆರಿ ಹೋಗುತ್ತೆ."

"ಕರೆಯೋರು ಹತ್ತಿರ ಬಂದು ಕರೀಬೇಕು" ಎಂದರು ಫ್ರೌ ಕೆಲ್ಲರ್. ನಮ್ಮ ಕಡೆಯ ಬೀಗಿತ್ತಿಯೂ ಇಷ್ಟು ಬಿಗಿಯಾಗಿ ಹೇಳಲಾರಳು.

ಹೆರ್ ಮಾಯರ್ ಹುಟ್ಟಿದ ಊರು ಇದೇ. ಆದರೂ ಆ ಹೊಸ್ತಿಲು ದಾಟಿದವರಲ್ಲ. ಕಾಲಿನ ಕೆಳಗೆ ನೋಡಿಕೊಂಡು, ನೀರಿಗಿಳಿಯುವವರ ಹಾಗೆ ಒಂದು ಹೆಜ್ಜೆ ಇಟ್ಟರು, ಆಮೇಲೆ ಇನ್ನೊಂದು. ಬಂದು, ಫ್ರೌ ಕೆಲ್ಲರ್ ಮುಂದೆ ತಲೆಬಾಗಿ ಕರೆದರು. ಫ್ರೌ ಕೆಲ್ಲರ್ ಬೆಂಚಿನಲ್ಲಿ ಸ್ವಲ್ಪ ಸರಿದು ಜಾಗ ಮಾಡಿದರು. ಹೆರ್ ಮಾಯರ್ ಕೂತು, ಹಲಗೆಯನ್ನು ಒತ್ತಿ ನೋಡಿದರು.

"ನಮ್ಮದಕ್ಕಿಂತ ಗಟ್ಟಿ ಇದೆ."

"ನಿದ್ದೆ ಬರಬಾರದು ಅಂತ" ಎಂದರು ಫ್ರೌ ಕೆಲ್ಲರ್.

ಅಷ್ಟರಲ್ಲಿ ಮುದಿ ಕಾವಲುಗಾರ, ಸಮಾರಂಭ ಮುಗಿಯಿತೆಂದು, ಬಾಗಿಲು ಹಾಕಿ ಅಗುಳಿ ಜಡಿಯಲು ಹೊರಟ. ಫ್ರೌ ಕೆಲ್ಲರ್ ಎದ್ದು ನಿಂತರು.

"ಹಾಕಬೇಡ" ಎಂದರು. "ನಮ್ಮವರು ಆ ಕಡೆ ಇದ್ದಾರೆ."